ಬೀಗದಣ್ಣನ ನೂರ ಅರವತ್ತೆರಡು ಕೊಂಡಿಗಳು

ಬೀಗ ಮಾಡುವವನಿಗೆ 'ನಿನ್ನದು ಭದ್ರವಾಗಿಲ್ಲ' ಎನ್ನುವುದು ಗಡಿಯಾರ ರಿಪೇರಿಯವನನ್ನು 'ಯಾಕೆ ತಡ?' ಎಂದು ಕೇಳಿದ ಹಾಗೆ. ಬೀಗದಣ್ಣನಿಗೆ ಆ ಮಾತು ಬಂದದ್ದು ಬೆಳಗ್ಗೆ ಎಂಟೂವರೆಗೆ, ಫೋನಿನಲ್ಲಿ, ಅದೂ ಮೂರನೆಯ ಸಲ. ಮೊದಲೆರಡು ಸಲ ಯಾವುದೋ ಜಾಹೀರಾತು ಎಂದುಕೊಂಡು ಅಳಿಸಿಬಿಟ್ಟಿದ್ದ.

ಬರೆದವರು ಅವನು ಬೀಗ ಮಾರುತ್ತಿದ್ದ ಆನ್‌ಲೈನ್ ಸಂತೆಯವರು. "ನಿಮ್ಮ ಚಿತ್ರಗಳ ಕೊಂಡಿಗಳು ಸುರಕ್ಷಿತವಾಗಿಲ್ಲ. ಇಂದು ಸಂಜೆ ಆರರೊಳಗೆ ಸರಿಪಡಿಸದಿದ್ದರೆ ನಿಮ್ಮ ಸರಕಿನ ಪುಟಗಳನ್ನು ತೆಗೆಯಲಾಗುವುದು. ಅವುಗಳ ಜೊತೆಗಿರುವ ಗ್ರಾಹಕರ ಅಭಿಪ್ರಾಯಗಳೂ ಹೋಗುತ್ತವೆ."

ಪುಟ ಹೋದರೆ ಮತ್ತೆ ಹಾಕಬಹುದು. ಆದರೆ ಆ ಕೊನೆಯ ಸಾಲನ್ನು ಬೀಗದಣ್ಣ ಎರಡೆರಡು ಸಲ ಓದಿದ. ಮುಖ ಕಾಣದ ಜನ ಏಳು ವರ್ಷದಿಂದ ಬರೆದ ಮಾತುಗಳು ಅವು. 'ತಾತನ ಪೆಟ್ಟಿಗೆಗೆ ಅಳತೆ ತೆಗೆದ ಹಾಗೆ ಕೂತಿತು' ಎಂದು ಒಬ್ಬರು. 'ಕೀಲಿ ತಿರುಗುವ ಸದ್ದು ಕೇಳಿದರೆ ನಿದ್ದೆ ಬರುತ್ತದೆ' ಎಂದು ಇನ್ನೊಬ್ಬರು. ದಿನವೂ ದೇವರಿಗೆ ಕೈಮುಗಿದು, ಅವುಗಳಲ್ಲಿ ಒಂದೆರಡನ್ನು ಓದಿಕೊಂಡೇ ಅವನು ಅರ ಹಿಡಿಯುತ್ತಿದ್ದದ್ದು.

"ಅದೇನು ಮಹಾ ಕೆಲ್ಸ ಅಲ್ಲ," ಎಂದಳು ಹೆಂಡತಿ. "ಚಿತ್ರಗಳೆಲ್ಲ ನನ್ನ ತಮ್ಮ ಇಟ್ಟಿರೋ ಕಡೆ ಇವೆ. ನಿಮ್ಮ ಪುಟದಲ್ಲಿ ಅವುಗಳ ವಿಳಾಸ ಮಾತ್ರ ಇರೋದು. ಎಚ್‌ಟಿಟಿಪಿ ಅಂತ ಇರೋ ಕಡೆ ಪಕ್ಕದಲ್ಲಿ ಭದ್ರತೆಯ ಒಂದು ಎಸ್ ಸೇರಿಸ್ಬೇಕು, ಅಷ್ಟೇ."

"ಎಷ್ಟು ಕಡೆ?"

"ನೂರ ಎಂಬತ್ತಾರು."

ಬೀಗದಣ್ಣ ಕಂಪ್ಯೂಟರಿನ ಗುಂಡಿ ಒತ್ತಿದ. ಅದು ಹೊಸದಾಗಿ ತನ್ನನ್ನು ತಾನು ಸಿಂಗರಿಸಿಕೊಳ್ಳಲು ಅದೇ ದಿನವನ್ನು ಆರಿಸಿಕೊಂಡಿತ್ತು. 'ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ, ಶೇಕಡಾ ಮೂರು' ಎಂದಿತು. ಅರ್ಧ ಗಂಟೆಯ ಮೇಲೂ ಮೂರೇ. ಹೆಂಡತಿಯ ಫೋನಿನಲ್ಲಿ ನೋಡಿದರೆ ಅಕ್ಷರಗಳು ಸಕ್ಕರೆ ಡಬ್ಬಿಗೆ ಹೊರಟ ಇರುವೆಗಳಂತಿದ್ದವು. ಮುಟ್ಟಲು ಹೋದ ಅವನ ಹೆಬ್ಬೆರಳಿಗೆ ಒಂದೇ ಸಲ ಏಳು ಅಕ್ಷರ ಸಿಕ್ಕವು.

ಆಗ ಪಕ್ಕದ ಬಣ್ಣದಂಗಡಿಯವನು ಗೋಡೆಯಾಚೆಯಿಂದ ತಲೆ ಹಾಕಿದ. ಬಣ್ಣ, ಮೊಳೆ, ಬಾಗಿಲ ಹಿಡಿ ಮಾರುವ ಮನುಷ್ಯ. ಕಷ್ಟಕ್ಕೆ ಕರೆಯದೆಯೂ ಬರುವವನು, ಸುಖಕ್ಕೂ ಕರೆಯದೆಯೇ ಬರುವವನು.

"ಅಯ್ಯೋ ಅಣ್ಣಾ, ನನ್ ಕಂಪ್ಯೂಟರ್ ಸುಮ್ನೆ ಧೂಳು ತಿಂತಾ ಕೂತಿದೆ. ಬನ್ನಿ, ಇಡೀ ದಿನ ನಿಮ್ದೇ."

"ದೇವರು ನಿನ್ನ ಚೆನ್ನಾಗಿಟ್ಟಿರ್ಲಪ್ಪಾ," ಎಂದು ಬೀಗದಣ್ಣ ಹಾಗೇ ಎದ್ದ.

ಬಣ್ಣದ ಡಬ್ಬಿಗಳ ನಡುವೆ, ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತು ಸಂತೆಯ ಪುಟ ತೆರೆದ. ಅದು ಹೆಸರು ಕೇಳಲಿಲ್ಲ, ಗುಟ್ಟಿನ ಪದ ಕೇಳಲಿಲ್ಲ. ಮನೆಗೆ ಬಂದ ಅಳಿಯನಿಗೆ ಬಾಗಿಲು ತೆರೆದ ಹಾಗೆ ತೆರೆದು, ಅವನದೇ ಬೀಗಗಳನ್ನು ಸಾಲಾಗಿ ತೋರಿಸಿತು. ಅದೇ ಹಿತ್ತಾಳೆ ಬೀಗ, ಅದೇ ಮೂರು ಕೀಲಿಯ ಪೆಟ್ಟಿಗೆ ಬೀಗ, ಚಿತ್ರದ ಮೂಲೆಯಲ್ಲಿ ಅವನದೇ ಹೆಬ್ಬೆರಳು. ಮೇಲಾಗಿ ಎಣಿಸಿದರೆ ನೂರ ಅರವತ್ತೆರಡೇ ಇದ್ದವು.

"ಇಪ್ಪತ್ತನಾಲ್ಕು ಕಮ್ಮಿ!" ಎಂದು ಅವನ ಮುಖ ಅರಳಿತು. ಬೆಲೆಯೂ ಒಂದೊಂದರ ಮೇಲೆ ಹತ್ತು ರೂಪಾಯಿ ಕಡಿಮೆ ಇತ್ತು. 'ಇವಳದೇ ಕೆಲಸ. ಗಿರಾಕಿಗಳ ಮೇಲೆ ಎಷ್ಟು ಕರುಣೆ!' ಎಂದು ಹೆಂಡತಿಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡು ಕೆಲಸ ಶುರು ಮಾಡಿದ.

ಏಳು ಚಿತ್ರ ಮುಗಿಯುವಷ್ಟರಲ್ಲಿ ಎದುರು ಮನೆಯ ನಿವೃತ್ತ ಮೇಷ್ಟ್ರು ಮೊಳೆ ಕೊಳ್ಳಲು ಬಂದವರು, ಮೊಳೆ ಮರೆತು ಅವನ ಹೆಗಲ ಮೇಲಿಂದ ಬಗ್ಗಿದರು.

"ಏನಿದು, ಬೀಗದವನ ಚಿತ್ರಕ್ಕೇ ಬೀಗ ಇಲ್ವಂತೆ?"

"ಹೌದು ಮೇಷ್ಟ್ರೇ."

"ನಾಚಿಕೆ ಆಗ್ಬೇಕಪ್ಪಾ. ಸರಿ, ಒಂದೊಂದು ವಿಳಾಸಾನೂ ಗಟ್ಟಿಯಾಗಿ ಓದು. ನಾನು ಪರೀಕ್ಷೆ ಮಾಡ್ತೀನಿ."

"ಹೊತ್ತಾಗುತ್ತೆ ಮೇಷ್ಟ್ರೇ."

"ಮೂವತ್ನಾಲ್ಕು ವರ್ಷ ಮಗ್ಗಿ ಒಪ್ಪಿಸ್ಕೊಂಡವನು ನಾನು. ಓದೋ."

ಓದಿದ. ಪ್ರತಿ ವಿಳಾಸಕ್ಕೂ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಹಳೇ ಪೇಪರಿನ ಮೇಲೆ 'ಸರಿ' ಗುರುತು ಹಾಕಿದರು. ನಲವತ್ತನೆಯದರಲ್ಲಿ ಬೀಗದಣ್ಣ ಆಕಳಿಸಿದ್ದಕ್ಕೆ ಅದನ್ನು ಮತ್ತೆ ಓದಿಸಿದರು. ಬಣ್ಣದಂಗಡಿಯವನು ಲೋಟ ಲೋಟ ಕಾಫಿ ತಂದಿಟ್ಟು, "ನಿಧಾನವಾಗಿ ಮಾಡಿ ಅಣ್ಣಾ, ಒಂದನ್ನೂ ಬಿಡ್ಬೇಡಿ," ಎಂದು ಹುರಿದುಂಬಿಸಿದ.

ಮಧ್ಯಾಹ್ನ ಎರಡಕ್ಕೆ ಬೀಗದಣ್ಣ ಮಾಡಿದ್ದನ್ನೆಲ್ಲ ಒಮ್ಮೆ ನೋಡೋಣವೆಂದು ಪುಟ ತೆರೆದರೆ, ತಿದ್ದಿದ ಕಡೆಯೆಲ್ಲ ಬೀಗದ ಬದಲು ಖಾಲಿ ಚೌಕ. ತೊಂಬತ್ತು ಬೀಗ ಕಣ್ಣೆದುರೇ ಮಾಯ.

"ನಿನ್ನ ತಮ್ಮಂಗೆ ಫೋನ್ ಮಾಡೇ!" ಎಂದು ಗೋಡೆಯಾಚೆಗೆ ಕೂಗಿದ. ಹೆಂಡತಿ ಫೋನ್ ಹಿಡಿದೇ ಓಡಿ ಬಂದಳು. ಭಾವಮೈದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದ, ಬಾಯಿ ತುಂಬ ಹತ್ತಿ.

"ಲೋ, ಚಿತ್ರ ಇಟ್ಟಿರೋ ಕಡೆ ನೀನು ಆ ಎಸ್‌ನ ಬೀಗ ಹಾಕ್ಸಿದೀಯೇನೋ?" ಎಂದು ತಮ್ಮನನ್ನು ಕೇಳಿದಳು.

"ಹ್ಞೂಂಹ್ಞೂಂ."

"ಹಾಕ್ಸಿಲ್ವಂತೆ," ಎಂದು ಅವಳು ತಿಳಿಸಿದಳು. "ಈಗ ಹಾಕಕ್ಕಾಗುತ್ತಾ?"

"ಹ್ಞ ಹ್ಞಾಂ ಹ್ಞೂ."

"ಇನ್ನೊಂದು ಹಲ್ಲಿದೆಯಂತೆ. ಕಿತ್ತ ಮೇಲಂತೆ."

ಆ ಹಲ್ಲು ಬೇಗ ಕಿತ್ತು ಬರಲಿ ಎಂದು ಬೀಗದಣ್ಣ ಬೇಡಿಕೊಂಡಷ್ಟು, ಹಲ್ಲಿನ ಯಜಮಾನನೂ ಬೇಡಿಕೊಂಡಿರಲಾರ. ನಾಲ್ಕೂಕಾಲಿಗೆ ಹಲ್ಲು ಬಂತು. ನಾಲ್ಕೂವರೆಗೆ, ಡಾಕ್ಟರ ಮೆಟ್ಟಿಲ ಮೇಲೇ ಕೂತು ಭಾವಮೈದ ಏನೋ ಒತ್ತಿದ. ಮಾಯವಾಗಿದ್ದ ಬೀಗಗಳು ಒಂದೊಂದಾಗಿ, ಬೆಳಗಾದ ಮೇಲೆ ಕಣ್ಣುಬಿಡುವ ಮಕ್ಕಳಂತೆ, ಪರದೆಯ ಮೇಲೆ ಮೂಡಿದವು. ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಐದೂ ನಲವತ್ತಕ್ಕೆ ನೂರ ಅರವತ್ತೆರಡನೆಯ ಎಸ್ ಬಿತ್ತು. ಬೀಗದಣ್ಣ ಕಣ್ಣು ಮುಚ್ಚಿ ಕೈಮುಗಿದ. ಬೆನ್ನು ಬಿಲ್ಲಾಗಿತ್ತು, ಆದರೂ ಒಳಗೆ ತಣ್ಣಗಿತ್ತು. ಹಿಡಿದ ಕೆಲಸ ಮುಗಿದಾಗ ಮನುಷ್ಯನಿಗೆ ಸಿಗುವ ಆ ಸಣ್ಣ ಮೌನ ಯಾವ ಪೂಜೆಗೂ ಕಡಿಮೆಯದಲ್ಲ.

ಸರಿಯಾಗಿ ಆರಕ್ಕೆ ಅವನ ಫೋನ್ ಟಣ್ ಎಂದಿತು. 'ಕೊಂಡಿಗಳನ್ನು ಸರಿಪಡಿಸದ ಕಾರಣ ನಿಮ್ಮ ನೂರ ಎಂಬತ್ತಾರು ಪುಟಗಳನ್ನು ತೆಗೆದುಹಾಕಲಾಗಿದೆ.'

"ಸುಳ್ಳು!" ಎಂದ ಬೀಗದಣ್ಣ. "ನೋಡಿ, ಇಲ್ಲೇ ಇವೆಯಲ್ಲ, ಫಳಫಳ ಅಂತ!"

ಹೆಂಡತಿ ಪರದೆಯ ಹತ್ತಿರ ಬಂದು ಮೂಲೆಯಲ್ಲಿ ಬೆರಳಿಟ್ಟಳು. "ಮೇಲ್ಗಡೆ ಇರೋ ಅಂಗಡಿ ಹೆಸರು ಓದ್ರೀ."

ಮೇಷ್ಟ್ರೇ ಓದಿದರು. "ಬಣ್ಣ ಮತ್ತು ಬೀಗ ಭಂಡಾರ."

ಕಾಫಿ ಲೋಟ ಹಿಡಿದ ಬಣ್ಣದಂಗಡಿಯವನು ತನ್ನ ಅಂಗಡಿಯ ಬಿಳಿ ಡಿಸ್ಟೆಂಪರಿಗಿಂತ ಬೆಳ್ಳಗಾದ.

"ಅಣ್ಣಾ... ಸಂತೇಲಿ ಈ ಅಂಗಡಿ ಎರಡು ವರ್ಷದ ಹಿಂದೆ ನನ್ನ ಅಕ್ಕನ ಮಗಳು ತೆರೆದುಕೊಟ್ಟಿದ್ದು. ಬೀಗಾನೂ ಮಾರು ಮಾವ ಅಂದ್ಲು. ಚಿತ್ರದ ವಿಳಾಸ ಎಲ್ಲಿಂದ ತಂದೆ ಅಂತ ನಾನೂ ಕೇಳ್ಲಿಲ್ಲ. ಒಂದೇ ಒಂದು ಬೀಗ ಹೋಗ್ಲಿಲ್ಲ ಅಣ್ಣಾ, ಅಂಗಡಿ ಇರೋದೇ ಮರೆತುಬಿಟ್ಟೆ!"

"ನನ್ನ ಹೆಬ್ಬೆರಳೂ ಸೇರಿಸಿ ಕದ್ದಿದ್ದಾಳಲ್ಲೋ!"

"ಅವಳನ್ನೇನಂತೀರಿ?" ಎಂದಳು ಹೆಂಡತಿ. "ಬೀಗ ಮಾಡೋರು ನೀವು. ಕೀಲಿ ಕೇಳ್ದೆ ಬಾಗಿಲು ತೆರ್ಕೊಳ್ತು, ಆಗ್ಲೂ ಅನುಮಾನ ಬರ್ಲಿಲ್ವಾ?"

ಬೀಗದಣ್ಣ ತಲೆ ತಗ್ಗಿಸಿದ. ಆ ಹೊತ್ತಿಗೆ ಅವನ ಸ್ವಂತ ಕಂಪ್ಯೂಟರ್ ಶೇಕಡಾ ನೂರು ತಲುಪಿ, ಸ್ನಾನ ಮುಗಿಸಿದ ಮದುಮಗನಂತೆ ಕೂತಿತ್ತು. ಎಲ್ಲರೂ ಅಲ್ಲಿಗೆ ಹೋದರು. ಆಗಿದ್ದು ಆಯಿತು, ಮೊದಲಿಂದ ಶುರು ಮಾಡೋಣವೆಂದು ಅವನು ಹಿತ್ತಾಳೆ ಬೀಗದ ಚಿತ್ರ ಹಾಕಿ ಒತ್ತಿದ.

ಸಂತೆಯವರು ತಕ್ಷಣ ಉತ್ತರಿಸಿದರು. 'ಈ ಚಿತ್ರ ಬೇರೆ ವ್ಯಾಪಾರಿಯದು. ದಯವಿಟ್ಟು ಕದ್ದ ಚಿತ್ರಗಳನ್ನು ಬಳಸಬೇಡಿ.'

ಮೊದಲು ನಕ್ಕದ್ದು ಹೆಂಡತಿ. ಆಮೇಲೆ ಮೇಷ್ಟ್ರು. ಅಳಬೇಕೋ ನಗಬೇಕೋ ತಿಳಿಯದೆ ಬೀಗದಣ್ಣನೂ ನಕ್ಕ. ನಕ್ಕ ಮೇಲೆ ಎದೆಯ ಭಾರ ಸ್ವಲ್ಪ ಕೆಳಗಿಳಿದಿತ್ತು.

"ನಂದನ್ನ ಈಗ್ಲೇ ಅಳಿಸಿಬಿಡ್ತೀನಿ ಅಣ್ಣಾ," ಎಂದು ಗೋಗರೆದ ಬಣ್ಣದಂಗಡಿಯವನು. ಅಳಿಸಿಯೂ ಬಿಟ್ಟ. ಅದಕ್ಕೆ ಸಂತೆಯವರು, ಚಿತ್ರ ಯಾರದೆಂದು ಮೂವತ್ತು ದಿನಗಳಲ್ಲಿ ಪರಿಶೀಲಿಸುತ್ತೇವೆ ಎಂದು ಉತ್ತರ ಕಳಿಸಿದರು.

"ಮೂವತ್ತು ದಿನ ಯಾರು ಕಾಯ್ತಾರೆ?" ಎಂದ ಬೀಗದಣ್ಣ. "ಬೀಗ ನನ್ನ ಹತ್ರಾನೇ ಇದೆ. ಬೆಳಕೂ ಇನ್ನೂ ಇದೆ. ಹೊಸ ಚಿತ್ರ ತೆಗೆಯೋಣ."

ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹಿತ್ತಾಳೆ ಬೀಗ ಇಟ್ಟರು. ಬಣ್ಣದಂಗಡಿಯವನು ಹಿಂದೆ ಬಿಳಿ ಬಟ್ಟೆ ಹಿಡಿದು, ತಪ್ಪೊಪ್ಪಿಕೊಂಡ ಹುಡುಗನಂತೆ ಅಲ್ಲಾಡದೆ ನಿಂತ. ಮೇಷ್ಟ್ರು ನೆರಳು ಬೀಳದ ಹಾಗೆ ದಾರಿಹೋಕರನ್ನು ಗದರಿಸಿ ಆಚೆ ಕಳಿಸಿದರು. ಹೆಂಡತಿ ಫೋಟೋ ತೆಗೆದಳು. ಇಳಿಬಿಸಿಲು ಹಿತ್ತಾಳೆಯ ಮೇಲೆ ಬಿದ್ದು, ಹಳೆಯ ಚಿತ್ರದಲ್ಲಿ ಇಲ್ಲದ ಹೊಳಪೊಂದು ಬಂದಿತ್ತು. ಪುಟ ಸಂತೆಗೆ ಹೋಯಿತು. ಅದರ ಕೆಳಗೆ ಬರೆದಿತ್ತು: 'ಅಭಿಪ್ರಾಯಗಳು: ಸೊನ್ನೆ.'

ಆ ಸೊನ್ನೆಯನ್ನು ಬೀಗದಣ್ಣ ನೋಡುತ್ತಲೇ ಕೂತ.

ಬಣ್ಣದಂಗಡಿಯವನಿಗೆ ತಡೆಯಲಾಗಲಿಲ್ಲ. ಮೂಲೆಗೆ ಹೋಗಿ ತನ್ನ ಫೋನಿನಲ್ಲಿ ಆ ಬೀಗವನ್ನು ಕೊಂಡ. ಸರಕು ತಲುಪಲು ಹತ್ತು ಹೆಜ್ಜೆ. ಬೀಗದಣ್ಣನೇ ಎದ್ದು ಕೈಗಿಟ್ಟ. ಬಣ್ಣದಂಗಡಿಯವನು ಬೀಗವನ್ನು ಎರಡು ಸಲ ಹಾಕಿ ತೆಗೆದು, ತುಟಿ ಕಚ್ಚಿಕೊಂಡು ಏನೋ ಬರೆದ. ಬೀಗದಣ್ಣನ ಫೋನ್ ಟಣ್ ಎಂದಿತು.

'ಬೀಗ ಬಲು ಗಟ್ಟಿ. ಮಾಲೀಕರು ದೇವರಂಥವರು. ಬೇಕೆಂದರೆ ಮನೆಗೇ ಬಂದು ಕಂಪ್ಯೂಟರ್ ಕೆಲಸವನ್ನೂ ಮಾಡಿಕೊಡುತ್ತಾರೆ.' ಕೆಳಗೆ ನಾಲ್ಕು ನಕ್ಷತ್ರ.

"ಇಷ್ಟೆಲ್ಲ ಮಾಡಿಸ್ಕೊಂಡು ಒಂದು ನಕ್ಷತ್ರ ಯಾಕೋ ಹಿಡ್ಕೊಂಡೆ?" ಎಂದು ಕೇಳಿದ ಬೀಗದಣ್ಣ.

"ಐದೂ ಕೊಟ್ರೆ ಜನ ನಂಬಲ್ಲ ಅಣ್ಣಾ," ಎಂದ ಅವನು. "ಪಕ್ಕದಂಗಡಿಯವನೇ ಬರೆದಿದಾನೆ ಅಂತಾರೆ."