ಉದ್ಘಾಟನೆಯಾಗದ ಹೊಟ್ಟೆ

ಉದ್ಘಾಟನೆಯಾಗದ ಯಂತ್ರದಿಂದ ಮಾಡಿದ ಶಸ್ತ್ರಚಿಕಿತ್ಸೆಯು ನಡೆದ ಶಸ್ತ್ರಚಿಕಿತ್ಸೆಯಲ್ಲ. ಗುಲ್ವಾಡಿಯ ನದೀತೀರ ಮಕ್ಕಳ ಆಸ್ಪತ್ರೆಯಲ್ಲಿ ಇದು ನಿಯಮ. ಕುಂದಾಪುರ ಪೇಟೆಯಲ್ಲಿ ಮೀನು ಮಾರುವ ಬಾಗಿಗೆ ಇದು ಗೊತ್ತಿರಲಿಲ್ಲ.

ಅವಳ ಮಗಳು ಧನ್ಯಶ್ರೀ ಹೊಟ್ಟೆ ಹಿಡಿದುಕೊಂಡು ಹೊರಳಾಡುವಾಗ ಡಾಕ್ಟರ್ ವಿಜೇತಾ ಉದ್ಘಾಟಿಸಬೇಕಿದ್ದ ಸಚಿವರಿಗಾಗಿ ಕಾಯಲಿಲ್ಲ. ಹೊಸ ಲ್ಯಾಪರೊಸ್ಕೋಪಿ ಯಂತ್ರವನ್ನು ಕಟ್ಟಿದ ರಿಬ್ಬನ್ ಸಮೇತ ಒಳಗೆ ತಳ್ಳಿಸಿ, ಮೂರು ಸಣ್ಣ ತೂತುಗಳಲ್ಲೇ ಬಾತ ಅಪೆಂಡಿಕ್ಸ್ ತೆಗೆದರು. ಮರುದಿನ ಹುಡುಗಿ ಗಂಜಿ ಕುಡಿದು, ಉಪ್ಪಿನಕಾಯಿ ಎಲ್ಲಿ ಎಂದು ಜಗಳ ತೆಗೆದಳು.

ಡಾಕ್ಟರು ಹೋಗಬಹುದೆಂದ ಕೂಡಲೇ ಬಾಗಿ ಚೀಲ ಕಟ್ಟಿದಳು. ಆಡಳಿತಾಧಿಕಾರಿ ಮಂಜಯ್ಯ ಬಾಗಿಲಿಗೆ ಅಡ್ಡ ನಿಂತರು.

“ಎಲ್ಲಿಗ್ ಹೊರಟದ್ದ್?”

“ಮನಿಗ್. ಮಗು ಹುಷಾರಾಯ್ತಲ್ದಾ?”

“ಆಪರೇಶನ್ ಆಗ್ದೆ ಹುಷಾರಾಪುದ್ ಹ್ಯಾಂಗೆ? ಇವ್ಳ್ ಮೊದಲ್ನೇ ರೋಗಿ. ಸಚಿವರು ಬರ್ಕ್, ಉದ್ಘಾಟನೆ ಆಯ್ಕ್, ಆಪರೇಶನ್ ಆಯ್ಕ್. ಆಮೇಲೆ ಮನಿ.”

“ಹ್ವಾಯ್, ತೆಗುಕೆ ಒಳಗ್ ಎಂತ ಇತ್ತ್?”

“ಅದ್ ವೈದ್ಯಕೀಯ ವಿಷ್ಯ. ನಂದ್ ಆಡಳಿತ.”

ಪೇಟೆಯಲ್ಲಿ ಬಾಗಿ ಕೂರದಿದ್ದರೆ ಅವಳ ಜಾಗದಲ್ಲಿ ಸುಗುಣ ಬುಟ್ಟಿ ಇಡುತ್ತಾಳೆ. ಇಟ್ಟವಳು ಏಳುವುದಿಲ್ಲ. ಬಾಗಿ ಅದನ್ನೂ ಹೇಳಿದಳು. ಮೀನು ಆಸ್ಪತ್ರೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಉತ್ತರ ಬಂತು.

ಸಚಿವರು ಬರಲಿಲ್ಲ. ಬೈಂದೂರಿನ ಸೇತುವೆಯ ಮೇಲೆ ಭಾಷಣ ಉದ್ದವಾಯಿತು. ಮುಂದಿನ ವಾರ ಬ್ರಹ್ಮಾವರದ ಬಸ್ ತಂಗುದಾಣ ಅಡ್ಡ ಬಂತು. ಅಷ್ಟರಲ್ಲಿ ಗಾಯವೇ ಮಾಯ್ದುಹೋಯಿತು. ಗಾಬರಿಗೊಂಡ ಆಡಳಿತ ಸುತ್ತೋಲೆ ಹೊರಡಿಸಿತು: “ಪ್ರಥಮ ರೋಗಿಯು ಉದ್ಘಾಟನೆಗೆ ಮೊದಲು ಗುಣವಾಗತಕ್ಕದ್ದಲ್ಲ. ವಾರ್ಡಿನಲ್ಲಿ ಓಡುವುದು, ಕಾರಣವಿಲ್ಲದೆ ನಗುವುದು ಶಿಸ್ತಿನ ಉಲ್ಲಂಘನೆ.” ಪೂರ್ವಾನುಮತಿಯಿಲ್ಲದೆ ಗುಣಪಡಿಸಿದ್ದೇಕೆ ಎಂದು ವಿಜೇತಾರಿಗೆ ನೋಟಿಸ್ ಹೋಯಿತು. ಸುಗುಣ ಬುಟ್ಟಿ ಇಟ್ಟ ಸುದ್ದಿಯೂ ಬಂತು.

ಕೊನೆಗೊಂದು ದಿನ ಸಚಿವರು ಬಂದು ರಿಬ್ಬನ್ ಕತ್ತರಿಸಿದರು. ಧನ್ಯಶ್ರೀಯನ್ನು ಹಸಿರು ಬಟ್ಟೆ ಹೊದಿಸಿ ಒಳಗೆ ತಳ್ಳಿದರು. ಸಣ್ಣ ತೂತಿನ ಗುರುತು ಕ್ಯಾಮೆರಾಕ್ಕೆ ಕಾಣುವುದಿಲ್ಲವೆಂದು ಹೊಟ್ಟೆ ತುಂಬ ಪಟ್ಟಿ ಸುತ್ತಿ, ಸಚಿವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೊರಗೆ ತಂದರು.

“ನೋವಾಯ್ತಾ ಮಗಾ?” ಸಚಿವರು ಕೇಳಿದರು.

“ಹಸಿವಾತ್ತ್,” ಎಂದಳು ಧನ್ಯಶ್ರೀ. ಇದೇ ಹೊಸ ವಿಜ್ಞಾನ ಎಂದು ಸಚಿವರು ಸಾರಿದರು. ಚಪ್ಪಾಳೆ ಬಿತ್ತು.

ಕಾರು ಹೊರಟದ್ದೇ ಬಾಗಿ ಚೀಲ ಎತ್ತಿದಳು. ಮಂಜಯ್ಯ ದಂಗಾದರು.

“ಎಂತ ತಾಯಿ ನೀನ್! ಈಗಷ್ಟೇ ಆಪರೇಶನ್ ಆದ್ ಮಗಿನ ಎಬ್ಬಿಸ್ಕಂಡ್ ಹೋತ್ಯಾ?”

ಬಾಗಿ ಪಟ್ಟಿ ನೋಡಿದಳು, ಮಂಜಯ್ಯನವರನ್ನು ನೋಡಿದಳು. ಮಾತಿನಲ್ಲಿ ತಪ್ಪು ಸಿಗಲಿಲ್ಲ. ಚೀಲ ಮಂಚದಡಿ ತಳ್ಳಿ, ಕಿಟಕಿ ಹತ್ತಿದ್ದ ಮಗಳನ್ನು ಗದರಿದಳು:

“ಇಳಿ ಹೆಣ್ಣೆ ಕೆಳ್ಗೆ! ಹೊಲಿಗಿ ಬಿಚ್ಚುತ್ತ್!”