ಯಾರೂ ಹುಟ್ಟದ ದಿನ

ನಿರೂಪಕ: ಹುಟ್ಟಿದ ದಿನಾನ ಹಾಗೆಲ್ಲ ಬದಲಾಯಿಸೋಕೆ ಬರಲ್ಲ, ಯಜಮಾನ್ರೇ.

ಶಿಳ್ಳೆ: ಯಾಕೆ ಬರಲ್ಲ? ಮನೆ ಬದಲಾಯಿಸ್ತಾರೆ, ಕೆಲಸ ಬದಲಾಯಿಸ್ತಾರೆ, ಪಕ್ಷ ಅಂತೂ ಬೆವರಿದ ಅಂಗಿ ಬದಲಾಯಿಸಿದ ಹಾಗೆ ಬದಲಾಯಿಸ್ತಾರೆ. ನಾನು ಕೇಳ್ತಿರೋದು ಒಂದು ತಾರೀಕು.

ನಿರೂಪಕ: ಹುಟ್ಟಿದ್ದು ಹುಟ್ಟಿ ಆಯ್ತಲ್ಲ.

ಶಿಳ್ಳೆ: ಹುಟ್ಟುವಾಗ ನನ್ನನ್ನ ಯಾರೂ ಕೇಳಲಿಲ್ಲ. ಕೇಳಿದ್ರೆ ಎರಡು ದಿನ ತಡೆದು ಬರ್ತಿದ್ದೆ.

ಹೆಂಡತಿ: ಜೀವನದಲ್ಲಿ ಅದೊಂದೇ ಸಲ ಇವರು ಹೊತ್ತಿಗೆ ಸರಿಯಾಗಿ ಬಂದದ್ದು. ಅದಕ್ಕೂ ಈಗ ಬೇಜಾರು.

ಮೂವರೂ ಕೂತದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ರೇಡಿಯೊ ಕೋಣೆಯಲ್ಲಿ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದರು. ಬಾಗಿಲ ಮೇಲೊಂದು ಕೆಂಪು ಬಲ್ಬು. ಅದು ಆರಿದ್ದರೆ ಎಷ್ಟು ಬೇಕಾದರೂ ಜಗಳವಾಡಬಹುದು, ಹತ್ತಿದರೆ ಬಾಯಿ ಮುಚ್ಚಬೇಕು. ದಿನಾ ಬೆಳಿಗ್ಗೆ ಇಲ್ಲಿಂದ ಹಳೆಯ ಹಾಡುಗಳು ಹೋಗುತ್ತವೆ. ಅಂದು ಹುಟ್ಟಿದ ಗಾಯಕರೋ ವಾದ್ಯದವರೋ ಯಾರಿದ್ದಾರೋ ಅವರ ಹಾಡು, ಅವರ ಕತೆ. ಒಂದೇ ದಿನ ಹಲವರು ಹುಟ್ಟಿದ್ದರೆ ಎಲ್ಲರಿಗಿಂತ ದೊಡ್ಡ ಹೆಸರಿನವರಿಗೆ ಇಡೀ ಹೊತ್ತು. ಉಳಿದವರಿಗೆಲ್ಲ ಸೇರಿ ಕೊನೆಯಲ್ಲಿ ಒಂದು ಸಾಲು: "ಹಾಗೂ ಇಂದು ಹುಟ್ಟಿದ ಇನ್ನೂ ಅನೇಕರಿಗೂ ಶುಭಾಶಯ."

ಆ ಇನ್ನೂ ಅನೇಕರಲ್ಲಿ ಒಬ್ಬ ಈ ಶಿಳ್ಳೆ. ನಾಯಕ ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಶಿಳ್ಳೆ ಹೊಡೆಯುತ್ತ ಬರುವ ಆ ಹಳೆಯ ಹಾಡು ಗೊತ್ತಿಲ್ಲದವರಿಲ್ಲ. ಪರದೆಯ ಮೇಲೆ ತುಟಿ ಚೂಪು ಮಾಡಿದವನಿಗೆ ಜನ ಹಾರ ಹಾಕಿದರು. ರೆಕಾರ್ಡಿಂಗಿನ ಗಾಜಿನ ಕೋಣೆಯೊಳಗೆ ನಿಂತು ನಿಜವಾಗಿ ಊದಿದವನು ಇವನು. ಮೆರವಣಿಗೆಯಲ್ಲೂ ಅಷ್ಟೇ, ಬ್ಯಾನರ್ ಹಿಡಿದವನ ಫೋಟೋ ಬರುತ್ತದೆ, ಹಿಂದೆ ಕೂಗಿದವನ ಗಂಟಲು ಹೋಗುತ್ತದೆ. ಬೀದಿಯವರು ಮಾತ್ರ ಇವನನ್ನು ಶಿಳ್ಳೆ ಅಂತಲೇ ಕರೆಯುತ್ತಿದ್ದರು. ಆದರೆ ಬೀದಿ ಬೇರೆ, ರೇಡಿಯೊ ಬೇರೆ. ರೇಡಿಯೊದಲ್ಲಿ ಒಂದೇ ಒಂದು ಸಲ ತನ್ನ ಹೆಸರು ಕೇಳಬೇಕೆಂಬುದು ಅವನ ಹಟ.

ಶಿಳ್ಳೆ: ನಿನ್ನೆ ನನ್ನ ಹುಟ್ಟುಹಬ್ಬ. ಕೇಕ್ ಮುಂದಿಟ್ಕೊಂಡು ರೇಡಿಯೊಗೆ ಕಿವಿ ಕೊಟ್ಟು ಕೂತಿದ್ದೆ. ನಿನ್ನೆ ಏನು ಹಾಕಿದೆಯಪ್ಪಾ ನೀನು?

ನಿರೂಪಕ: ನಿನ್ನೆ ಮಹಾಗಾಯಕಿಯವರ ಹುಟ್ಟುಹಬ್ಬ. ಅವರದ್ದೇ ಹಾಕಬೇಕು.

ಶಿಳ್ಳೆ: ಹೋದ ವರ್ಷ?

ನಿರೂಪಕ: ಹೋದ ವರ್ಷಾನೂ ಅವರು ಅದೇ ದಿನ ಹುಟ್ಟಿದ್ರು.

ಶಿಳ್ಳೆ: ಅದಕ್ಕೇ ಹೇಳ್ತಿರೋದು. ಆಯಮ್ಮ ಜಾಗ ಬಿಡಲ್ಲ. ನಾನು ಬಿಡ್ತೀನಿ. ಬೇರೆ ಕಡೆ ಒಂದು ಖಾಲಿ ದಿನ ನೋಡಿ ಕೊಡು.

ನಿರೂಪಕ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಒಂದೊಂದು ಮನೆಯಲ್ಲೂ ಇರುವೆಸಾಲಿನಂಥ ಅಕ್ಷರದಲ್ಲಿ ಹೆಸರುಗಳನ್ನು ತುರುಕಿದ್ದ. ಹಾಡು ಮುಗಿಯುವುದರೊಳಗೆ ಇವರನ್ನು ಸಾಗಹಾಕಬೇಕಿತ್ತು. ಕೊಡಲ್ಲ ಎಂದರೆ ಹೋಗುವ ಗಿರಾಕಿಗಳ ಹಾಗೆ ಕಾಣಲಿಲ್ಲ.

ನಿರೂಪಕ: ಮುಂದಿನ ವಾರ ಆಗುತ್ತಾ?

ಶಿಳ್ಳೆ: ಯಾರಿದಾರೆ?

ನಿರೂಪಕ: ಒಬ್ಬ ಕೊಳಲಿನವರು.

ಶಿಳ್ಳೆ: ಬೇಡ. ಇಬ್ಬರದ್ದೂ ಗಾಳಿ ಕೆಲಸ. ಹೋಲಿಸ್ತಾರೆ.

ನಿರೂಪಕ: ಅದರ ಮುಂದಿನ ವಾರ? ಒಬ್ಬರೇ ಇದಾರೆ. ಡೋಲಿನವರು.

ಶಿಳ್ಳೆ: ಆ ಡೋಲಿನವನಾ? ರೆಕಾರ್ಡಿಂಗಲ್ಲಿ ನನ್ನ ಪಕ್ಕ ನಿಂತು ನಾನು ಉಸಿರು ತಗೊಳ್ಳೋ ಜಾಗದಲ್ಲೇ ಬಡೀತಿದ್ದ. ಅವನ ಜತೆ ಹುಟ್ಟಲ್ಲ.

ನಿರೂಪಕ: ಫೆಬ್ರವರಿ ಇಪ್ಪತ್ತೊಂಬತ್ತು ಪೂರ್ತಿ ಖಾಲಿ.

ಶಿಳ್ಳೆ: ಅದು ನಾಲ್ಕು ವರ್ಷಕ್ಕೊಂದ್ಸಲ. ಅಲ್ಲೀವರೆಗೆ ನಾನಿರ್ತೀನೋ ಇಲ್ವೋ.

ಹೆಂಡತಿ: ಇರ್ತಾರೆ. ನಮ್ಮ ಬೀದಿಗೆ ಅಷ್ಟು ಅದೃಷ್ಟ ಇಲ್ಲ.

ಕೆಂಪು ಬಲ್ಬು ಹತ್ತಿತು. ನಿರೂಪಕ ಮೈಕಿನ ಮುಂದೆ ಬಾಗಿ, ಇದ್ದಕ್ಕಿದ್ದ ಹಾಗೆ ಜೇನಿನಲ್ಲಿ ಅದ್ದಿದಂಥ ದನಿಯಲ್ಲಿ ಎರಡು ಮಾತಾಡಿ, ಮುಂದಿನ ಹಾಡು ಬಿಟ್ಟ. ಬಲ್ಬು ಆರಿತು. ದನಿಯೂ ಮಾಮೂಲಿಗೆ ಇಳಿಯಿತು.

ನಿರೂಪಕ: ಅಲ್ಲ ಯಜಮಾನ್ರೇ, ಆ ಶಿಳ್ಳೆ ನಿಮ್ಮದೇ ಅಂತ ನನಗೆ ಹೇಗೆ ಗೊತ್ತಾಗಬೇಕು? ರೆಕಾರ್ಡಿನ ಮೇಲೆ ನಿಮ್ಮ ಹೆಸರಿಲ್ಲ. ನಾಳೆ ಇನ್ನೊಬ್ಬ ಬಂದು ಅದರಲ್ಲಿರೋ ಸೈಕಲ್ ಬೆಲ್ ನಂದು ಅಂತಾನೆ.

ಶಿಳ್ಳೆ: ಬೆಲ್ ಹೊಡೆದವನು ಸತ್ತ. ನಾನೇ ಹೋಗಿದ್ದೆ ಮಣ್ಣಿಗೆ.

ನಿರೂಪಕ: ಸರಿ, ಹೊಡೆದು ತೋರಿಸಿ.

ಶಿಳ್ಳೆ ಎದ್ದು ನಿಂತ. ಎದೆಯುಬ್ಬಿಸಿದ. ತುಟಿ ಕೂಡಿಸಿದ. ಗಾಳಿ ಬಂತು, ಬರೀ ಗಾಳಿ.

ನಿರೂಪಕ: ಇದು ಬಿಸಿ ಕಾಫಿ ಆರಿಸೋ ಶಬ್ದ.

ಶಿಳ್ಳೆ: ಹಲ್ಲು. ಕಟ್ಟಿಸಿದ್ದು. ಅಡ್ಡ ಬರುತ್ತೆ.

ಅವನು ಹಲ್ಲಿನ ಸೆಟ್ಟು ತೆಗೆದು ಮೇಜಿನ ಮೇಲಿಟ್ಟು ಇನ್ನೊಮ್ಮೆ ಊದಿದ. ಈ ಸಲ ಗಾಳಿಯ ಜತೆ ಸ್ವಲ್ಪ ನೀರೂ ಬಂತು.

ನಿರೂಪಕ: ಅದನ್ನ ಮೈಕಿನ ಹತ್ತಿರ ಇಡಬೇಡಿ.

ಹೆಂಡತಿ ಸೆರಗಿನಿಂದ ಮೇಜು ಒರೆಸಿದಳು. ಗಂಡನ ಮುಖ ನೋಡಿದಳು. ಆಮೇಲೆ ಕೂತಲ್ಲೇ, ಕೈಚೀಲ ಮಡಿಲಲ್ಲೇ ಇಟ್ಟುಕೊಂಡು, ಆ ಶಿಳ್ಳೆಯನ್ನು ಮೊದಲಿಂದ ಕೊನೆಯವರೆಗೆ ಹೊಡೆದಳು. ಇಳಿಜಾರು, ತಿರುವು, ಸೈಕಲ್ ಮೇಲಿನ ಆ ಸಣ್ಣ ಎಗರು, ಎಲ್ಲವೂ ಇದ್ದವು. ನಿರೂಪಕನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ನಿರೂಪಕ: ಅಮ್ಮಾ, ಹಾಗಾದ್ರೆ ಹೊಡೆದದ್ದು ನೀವಾ?

ಶಿಳ್ಳೆ: ಅವಳಲ್ಲ, ನಾನು. ಅವಳು ನನ್ನಿಂದ ಕಲಿತದ್ದು.

ನಿರೂಪಕ: ಅವರಿಗೆ ಬರುತ್ತೆ, ನಿಮಗೆ ಬರಲ್ಲ. ಕೋರ್ಟಾದ್ರೂ ಏನು ಹೇಳುತ್ತೆ ಯೋಚನೆ ಮಾಡಿ.

ಹೆಂಡತಿ: ಹೊಡೆದದ್ದು ಇವರೇ ಕಣಪ್ಪಾ. ರೆಕಾರ್ಡಿಂಗಿಗೆ ಮುಂಚೆ ಒಂದು ತಿಂಗಳು ಮನೇಲಿ ಇದನ್ನೇ ಊದಿದ್ರು. ಇನ್ನೊಂದು ವಾರ ಹೋಗಿದ್ರೆ ಬೆಕ್ಕಿಗೂ ಬರ್ತಿತ್ತು.

ನಿರೂಪಕ ತಲೆ ಕೆರೆದುಕೊಂಡ. ಸುಳ್ಳು ಹೇಳುವವರಾದರೆ ಇದಕ್ಕಿಂತ ನಂಬುವಂಥ ಸುಳ್ಳನ್ನೇ ಹೇಳುತ್ತಿದ್ದರು ಅನ್ನಿಸಿರಬೇಕು. ಕ್ಯಾಲೆಂಡರಿನ ಮೇಲೆ ಬೆರಳೋಡಿಸಿ ಒಂದು ಕಡೆ ನಿಲ್ಲಿಸಿದ.

ನಿರೂಪಕ: ಒಂದು ಕೆಲಸ ಮಾಡೋಣ. ಇವತ್ತೇ ಆಗುತ್ತಾ? ಇವತ್ತು ಯಾರೂ ಹುಟ್ಟಿಲ್ಲ. ಬೆಳಗಿನಿಂದ ಏನು ಹಾಕಬೇಕು ಅಂತ ಗೊತ್ತಾಗದೆ ಮಳೆ ಹಾಡು, ರೈಲು ಹಾಡು ಹಾಕ್ಕೊಂಡು ತಳ್ತಿದ್ದೀನಿ.

ಶಿಳ್ಳೆ: ಯಾರೂ ಇಲ್ವಾ?

ನಿರೂಪಕ: ಒಂದು ನರಪಿಳ್ಳೇನೂ ಇಲ್ಲ.

ಶಿಳ್ಳೆ: ಬರ್ಕೋ ಹಾಗಾದ್ರೆ. ಇವತ್ತೇ.

ಹೆಂಡತಿ: ಇವತ್ತು ಬೇಡ.

ಗಂಡ ಅವಳ ಕಡೆ ತಿರುಗಿದ. ಮಹಡಿ ಹತ್ತಿ ಬಂದು, ಹಲ್ಲು ಬಿಚ್ಚಿ, ಕೊನೆಗೆ ತುತ್ತು ಬಾಯಿಗೆ ಬಂದ ಹೊತ್ತಿನಲ್ಲಿ ಇದೇನು ಅಡ್ಡಗಾಲು ಎಂದು ಅವನಿಗೆ ಅರ್ಥವಾಗಲಿಲ್ಲ.

ಶಿಳ್ಳೆ: ಯಾಕೆ? ಇವತ್ತು ಗ್ಯಾಸ್ ಬರೋ ದಿನವಾ?

ಹೆಂಡತಿ: ಅಲ್ಲ.

ಶಿಳ್ಳೆ: ನಿನ್ನ ತಮ್ಮ ಬರ್ತಾನಾ?

ಹೆಂಡತಿ: ಅವನು ಬೆಳಿಗ್ಗೇನೇ ಫೋನ್ ಮಾಡಿದ್ದ. ಅವನಿಗೆ ನೆನಪಿತ್ತು.

ಶಿಳ್ಳೆ: ಏನು ನೆನಪಿತ್ತು? ಸಾಲ ಕೇಳೋದಾ?

ನಿರೂಪಕನಿಗೆ ಏನೋ ವಾಸನೆ ಹತ್ತಿತು. ಹಾಡು ಇನ್ನೂ ಎರಡು ಚರಣ ಉಳಿದಿತ್ತು.

ನಿರೂಪಕ: ಅಮ್ಮಾ, ಇವತ್ತು ಯಾರಾದ್ರೂ ಹುಟ್ಟಿದಾರಾ?

ಹೆಂಡತಿ: ಹುಟ್ಟಿದಾರೆ.

ನಿರೂಪಕ: ನನ್ನ ಕಣ್ಣಿಗೆ ಬಿದ್ದಿಲ್ವಲ್ಲ. ಗಾಯಕರಾ?

ಹೆಂಡತಿ: ಅಲ್ಲ.

ನಿರೂಪಕ: ವಾದ್ಯದವರಾ?

ಹೆಂಡತಿ: ಪಾತ್ರೆ ಪಗಡ ಬಿಟ್ರೆ ಏನೂ ಬಾರಿಸಿಲ್ಲ.

ಶಿಳ್ಳೆ: ಯಾರದು? ನನಗೆ ಗೊತ್ತಿರೋರಾ?

ಹೆಂಡತಿ: ಮುಖ ಪರಿಚಯ ಇದೆ.

ಶಿಳ್ಳೆ ಯೋಚಿಸಿದ. ಪಕ್ಕದ ಮನೆಯವರನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದ. ನಿರೂಪಕ ಅವನನ್ನೇ ನೋಡುತ್ತ, ಹೆಂಡತಿಯ ಕಡೆ ಹುಬ್ಬು ಹಾರಿಸಿದ. ಒಮ್ಮೆ ಹಾರಿಸಿದ, ಮತ್ತೊಮ್ಮೆ ಹಾರಿಸಿದ. ಮೂರನೆಯ ಸಲಕ್ಕೆ ಶಿಳ್ಳೆಗೆ ಕಾಲಡಿಯ ನೆಲ ಒಂದಿಂಚು ಇಳಿದಂತಾಯಿತು.

ಶಿಳ್ಳೆ: ಅದು ನಾಳೆ ಅಲ್ವಾ?

ಹೆಂಡತಿ: ನಿಮ್ಮದು ನಿನ್ನೆ. ನನ್ನದು ಅದರ ಮಾರನೇ ದಿನ. ಮದುವೆ ಆದಾಗಿನಿಂದ ಅದೇ ಜಾಗದಲ್ಲಿದೆ.

ಶಿಳ್ಳೆ: ನಿನ್ನೆ ಕೇಕ್ ಕತ್ತರಿಸಿದ್ವಲ್ಲ, ಇಬ್ಬರಿಗೂ ಸೇರಿಸೀನೇ.

ಹೆಂಡತಿ: ಅದರ ಮೇಲೆ ನಿಮ್ಮ ಹೆಸರಿತ್ತು. ನಾನು ಇನ್ನೂ ಅನೇಕರು.

ಶಿಳ್ಳೆ ಹಲ್ಲಿನ ಸೆಟ್ಟನ್ನು ತೆಗೆದುಕೊಂಡು ಬಾಯಿಗೆ ಹಾಕಿದ, ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಒತ್ತಿ ಕೂರಿಸಿದ. ಮಹಾಗಾಯಕಿಯನ್ನು ಬೈಯಲು ವರ್ಷಗಟ್ಟಲೆ ಕೂಡಿಟ್ಟಿದ್ದ ಮಾತುಗಳೆಲ್ಲ ಮೆಲ್ಲಗೆ ವಿಳಾಸ ಬದಲಿಸಿ ತನ್ನ ಮನೆ ಬಾಗಿಲಿಗೇ ಬಂದು ನಿಂತಂತೆ ಅನ್ನಿಸಿತು.

ನಿರೂಪಕ: ಹಾಡು ಮುಗೀತಾ ಇದೆ. ಇವತ್ತಿನ ದಿನ ಯಾರಿಗೆ? ಬೇಗ ಹೇಳಿ.

ಶಿಳ್ಳೆ: ಅವಳಿಗೇ ಕೊಡು.

ಹಲ್ಲಿನ ಸೆಟ್ಟಿಗಿಂತ ಕಷ್ಟದಲ್ಲಿ ಆ ಮಾತು ಬಾಯಿಂದ ಹೊರಬಂತು.

ನಿರೂಪಕ: ಕೊಡಬಹುದು. ಆದ್ರೆ ಸಂಗೀತದವರಿಗೆ ಮಾತ್ರ ಅಂತ ನಿಯಮ.

ಹೆಂಡತಿ: ಇತ್ತ ಕೊಡಿ ಆ ಮೈಕು.

ಬಲ್ಬು ಹತ್ತಿತು. ನಿರೂಪಕ ಜೇನಿನ ದನಿಯಲ್ಲಿ ಅವಳ ಹೆಸರು ಹೇಳಿ, ಇಂದು ಇವರ ಹುಟ್ಟುಹಬ್ಬ ಎಂದು ಹೇಳಿ, ಮೈಕು ಸರಿಸಿದ. ಅವಳು ಇಳಿಜಾರಿನ ಶಿಳ್ಳೆಯನ್ನು ಪೂರ್ತಿ ಹೊಡೆದಳು. ಕೆಳಗೆ ಟೈರ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಮುಗಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ನಿರೂಪಕ ಆ ಕರೆಯನ್ನು ಹಾಗೆಯೇ ನೇರ ಪ್ರಸಾರಕ್ಕೆ ಬಿಟ್ಟ.

ಕೇಳುಗ: ಅಮ್ಮ ಚೆನ್ನಾಗಿ ಹೊಡೆದರು, ಇಲ್ಲ ಅನ್ನಲ್ಲ. ಆದ್ರೆ ಹಳೇ ರೆಕಾರ್ಡಿನಲ್ಲಿರೋ ಶಿಳ್ಳೆ ಇದಕ್ಕಿಂತ ಒಂದು ಕೈ ಮೇಲು. ಚಿಕ್ಕಂದಿನಿಂದ ಕೇಳ್ತಿದ್ದೀನಿ, ಅದು ಹೊಡೆದವರು ಯಾರು ಸಾರ್?

ಶಿಳ್ಳೆ ಕುರ್ಚಿಯ ತುದಿಗೆ ಬಂದ. ಬಾಯಿ ತೆರೆದ. ಹೆಂಡತಿ ಮೈಕಿನ ಮೇಲೆ ಅಂಗೈ ಮುಚ್ಚಿದಳು.

ಹೆಂಡತಿ: ಇವತ್ತು ಯಾರ ದಿನ?

ಶಿಳ್ಳೆ: ನಿನ್ನದು.

ಅವಳು ಅಂಗೈ ತೆಗೆದಳು.

ಹೆಂಡತಿ: ಅದು ಹೊಡೆದವರು ನಮ್ಮ ಮನೆಯವರು.

ಆಮೇಲೆ ಅವನ ಹೆಸರನ್ನು, ಅಪ್ಪನ ಹೆಸರೂ ಸೇರಿಸಿ, ಪಡಿತರದ ಅಂಗಡಿಯಲ್ಲಿ ಕೂಗುವಷ್ಟು ಸ್ಪಷ್ಟವಾಗಿ ಹೇಳಿದಳು.

ಹೆಂಡತಿ: ಹುಟ್ಟಿದ್ದು ನಿನ್ನೆ. ತಡವಾಗಿ ಹೇಳ್ತಿದ್ದೀನಿ. ನಮ್ಮ ಮನೇಲಿ ಯಾರ ಹುಟ್ಟುಹಬ್ಬವೂ ಅದರ ದಿನಕ್ಕೆ ಬರಲ್ಲ.

ಮೆಟ್ಟಿಲಿಳಿಯುವಾಗ ಶಿಳ್ಳೆ ಅವಳ ಕೈಚೀಲ ತಾನೇ ಹಿಡಿದುಕೊಂಡಿದ್ದ. ಟೈರ್ ಅಂಗಡಿಯವನು ಕೈಯೆತ್ತಿ ನಮಸ್ಕಾರ ಮಾಡಿದ. ಯಾರಿಗೆಂದು ಗೊತ್ತಾಗದೆ ಇಬ್ಬರೂ ತಲೆಯಾಡಿಸಿದರು. ಬೀದಿಯ ತಿರುವಿನಲ್ಲಿ ಬೇಕರಿ ಬಂತು. ಅವಳು ನಿಂತಳು.

ಶಿಳ್ಳೆ: ಮನೇಲಿ ನಿನ್ನೆ ಕೇಕ್ ಅರ್ಧ ಇದೆಯಲ್ಲ.

ಹೆಂಡತಿ: ಇದೆ. ಈ ವರ್ಷ ಅದನ್ನ ನೀವು ತಿನ್ನಿ.