ಬೀಡಿ ನೂಲಿನ ಸೈನಿಕರು

ಸೈನಿಕರನ್ನು ಹಾಳು ಮಾಡಿದ್ದು ನಾನು. ಬೆಕ್ಕಲ್ಲ, ಸೆಕೆಯಲ್ಲ, ಅಂಟಿನ ದೋಷವೂ ಅಲ್ಲ. ನಮ್ಮ ಮನೆಯಲ್ಲಿ ಏನು ಕೆಟ್ಟರೂ ಮೊದಲು ಬೆಕ್ಕನ್ನು ಬೈಯುವ ಕ್ರಮ ಉಂಟು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಕೈ ಸುಮ್ಮನಿರದವರು ಮಾಡುವ ಉಪಕಾರಕ್ಕಿಂತ ಬೆಕ್ಕಿನ ಕಳ್ಳತನವೇ ವಾಸಿ. ಬೆಕ್ಕು ಹಾಲು ಕುಡಿದು ಹೋಗುತ್ತದೆ, ಹೊಗಳಲಿ ಎಂದು ಕಾಯುತ್ತಾ ಕೂರುವುದಿಲ್ಲ.

ಮೊಮ್ಮಗಳು ಶ್ರಾವ್ಯ ಮಡಂತ್ಯಾರಿನ ನಮ್ಮ ಮನೆಯಿಂದ ಎರಡು ಬಸ್ಸು ಹಿಡಿದು ಮಿಜಾರಿನ ಕಾಲೇಜಿಗೆ ಹೋಗುತ್ತಾಳೆ. ಅವಳಿಗೊಂದು ಹುಚ್ಚು, ಮೇಜಿನ ಮೇಲೆ ಯುದ್ಧ ಮಾಡುವುದು. ಕಿರುಬೆರಳಿಗಿಂತ ಗಿಡ್ಡದ ಪ್ಲಾಸ್ಟಿಕ್ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು ಮುಂದೆ ಸರಿಸಿ, ದಾಳ ಹಾಕಿ ಕೊಲ್ಲುವುದು. ಪೆಟ್ಟಿಗೆ ತೆರೆದಾಗ ಅವರು ಸೈನಿಕರೇ ಅಲ್ಲ. ಒಂದು ಚೌಕಟ್ಟಿನಲ್ಲಿ ಕೈ ಬೇರೆ, ತಲೆ ಬೇರೆ, ಕಾಲು ಬೇರೆ ನೇತಾಡುತ್ತಿರುತ್ತವೆ. "ಯುದ್ಧ ಮುಗಿದ ಮೇಲೆ ಪ್ಯಾಕ್ ಮಾಡಿದ್ದಾ ಇದು?" ಎಂದು ಕೇಳಿದೆ. ಅವಳು ನಗಲಿಲ್ಲ. ನಗುವ ಸ್ಥಿತಿಯಲ್ಲಿ ಇರಲಿಲ್ಲ. ಭಾನುವಾರ ಮೂಡುಬಿದಿರೆಯಲ್ಲಿ ಆಟ. ಇಪ್ಪತ್ತು ಸೈನಿಕರನ್ನು ಕತ್ತರಿಸಿ, ಬ್ಲೇಡಿನಿಂದ ಹೆರೆದು, ಅಂಟಿಸಿ, ಒಬ್ಬೊಬ್ಬನಿಗೂ ಮೂರು ಬಣ್ಣವಾದರೂ ಹಚ್ಚಬೇಕು. ಇಲ್ಲದಿದ್ದರೆ ಮೇಜಿಗೆ ಹತ್ತಿಸುವುದಿಲ್ಲವಂತೆ. ಹಾಗೆಯೇ ಎರಡು ಸಲ ವಾಪಸು ಬಂದಿದ್ದಳು. "ಈ ಸಲವೂ ಆಗದಿದ್ದರೆ ಮತ್ತೆ ಕರೆಯುವುದೇ ಇಲ್ಲ ಅಜ್ಜಿ," ಎಂದಳು.

ಶುಕ್ರವಾರ ಸಂಜೆ ನನ್ನೆದುರೇ ಒಬ್ಬನನ್ನು ಅಂಟಿಸಿದಳು. ಉಸಿರು ಬಿಗಿಹಿಡಿದು ಅವನ ಕೈ ಒತ್ತಿ ಕೂತಳು. ಬಿಟ್ಟಳು. ಕೈ ಬಿತ್ತು. ಮಡಿಲಲ್ಲಿ ಬೀಡಿಯ ಮೊರ, ನಮ್ಮ ತಡ್ಪೆ, ಇಟ್ಟುಕೊಂಡು ನೋಡುತ್ತಿದ್ದ ನನಗೆ ತಡೆಯದಾಯಿತು. ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು ಇವು. ನನ್ನ ನೂಲು ಸಡಿಲ ಎಂದು ಬೀಡಿ ಒಪ್ಪಿಸುವ ಡಿಪೋದ ಚೆಕ್ಕರ್ ಇದುವರೆಗೆ ಬಾಯಿ ತೆರೆದವನಲ್ಲ, ಅವನೋ ದೇವರು ಮಾಡಿದ್ದರಲ್ಲೂ ಕುಂದು ಹುಡುಕುವ ಜನ.

ಶನಿವಾರ ಬೆಳಿಗ್ಗೆ ಹೊರಡುವಾಗ, "ಅಜ್ಜಿ, ಮುಟ್ಟಬೇಡಿ ಆಯ್ತಾ?" ಎಂದಳು.

"ನನಗೆ ಬೇರೆ ಕೆಲಸ ಇಲ್ವಾ?" ಎಂದೆ. ಬಸ್ಸಿನ ಶಬ್ದ ತಿರುವಿನಲ್ಲಿ ಅಡಗುವ ತನಕ ಕಾದೆ.

ಮಧ್ಯಾಹ್ನದೊಳಗೆ ಹತ್ತೊಂಬತ್ತು ಜನ ತಯಾರು. ಅಂಟು ಧಾರಾಳ ಹಾಕಿದೆ, ಕೈ ಕೂರಿಸಿದೆ, ಅಲುಗಬಾರದೆಂದು ಒಬ್ಬೊಬ್ಬನ ಎದೆಗೂ ಬೀಡಿ ನೂಲು ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಒಣಗಿದ ಮೇಲೆ ಬಿಚ್ಚಿದರಾಯಿತು ಎಂದು ನನ್ನ ಲೆಕ್ಕ.

ಶ್ರಾವ್ಯ ಬಂದು ಒಬ್ಬನನ್ನು ಎತ್ತಿ ನೋಡಿದಳು. ನೂಲನ್ನು ಉಗುರಿನಿಂದ ಕೆರೆದಳು. ಬರಲಿಲ್ಲ.

"ಇದು ಗೋಂದಲ್ಲ ಅಜ್ಜಿ. ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುವ ಮದ್ದು. ನೂಲು ಒಳಗೆ ಹೋಗಿ ಕೂತಿದೆ."

"ಗಟ್ಟಿ ಉಂಟಲ್ಲ?"

"ಗಟ್ಟಿ ಉಂಟು. ಅದೇ ಈಗ ತೊಂದರೆ."

ಅಳಲಿಲ್ಲ. ಅತ್ತಿದ್ದರೆ ಬೈದು ಸಮಾಧಾನ ಮಾಡಬಹುದಿತ್ತು. ಸುಮ್ಮನೆ ಅಂಗಳಕ್ಕೆ ಹೋಗಿ, ಎಲ್ಲರನ್ನೂ ಹಾಳೆಯ ಮೇಲೆ ನಿಲ್ಲಿಸಿ ಕಪ್ಪು ಸ್ಪ್ರೇ ಹೊಡೆದಳು. ಆಮೇಲೆ ನನ್ನ ಕೈಗೂ ಒಂದು ಬ್ರಶ್ಶು ಕೊಟ್ಟಳು. ಅದು ಕ್ಷಮೆಯಲ್ಲ, ಜನ ಕಡಿಮೆ ಇತ್ತು ಅಷ್ಟೆ.

ನಾನು ಹಸಿರು ಮೆತ್ತಿದೆ. "ಗೋಡೆಗೆ ಸುಣ್ಣ ಬಳಿಯುವುದಲ್ಲ ಮಾರಾಯ್ತಿ. ನೀರುಮಜ್ಜಿಗೆಯ ಹಾಗೆ ತೆಳು ಮಾಡಿ ಎರಡು ಸಲ ಹಚ್ಚಬೇಕು," ಎಂದಳು. ಅಜ್ಜಿಗೆ ಮಾರಾಯ್ತಿ ಎನ್ನುವಷ್ಟು ಸಿಟ್ಟು. ತೆಳು ಮಾಡಿದ ಬಣ್ಣ ತಟ್ಟೆಯಲ್ಲಿ ಆಗಾಗ ಒಣಗುತ್ತಿತ್ತು. ಬೀಡಿ ಎಲೆ ಒಣಗದ ಹಾಗೆ ಒದ್ದೆ ಗೋಣಿಯಲ್ಲಿ ಸುತ್ತಿಡುವುದು ನಮಗೆ ಗೊತ್ತಿದ್ದದ್ದೇ. ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, "ಬಣ್ಣ ಇದರಲ್ಲಿ ಹಾಕು," ಎಂದೆ. ಸಂಜೆಯವರೆಗೂ ಒಣಗಲಿಲ್ಲ. ಅವಳ ಮುಖ ಸ್ವಲ್ಪ ಸಡಿಲವಾಯಿತು. "ಇಂಥದ್ದನ್ನು ಡಬ್ಬಿಯಲ್ಲಿ ಹಾಕಿ ಮಾರ್ತಾರೆ ಅಜ್ಜಿ," ಎಂದಳು. ಮಾರಲಿ, ಕೊಳ್ಳುವವರಿದ್ದಾರಲ್ಲ.

ಕೊನೆಗೆ ಅವಳು ನೀರಾದ ಕಂದು ಬಣ್ಣವನ್ನು ನೂಲಿನ ಮೇಲೆ ಹರಿಯಬಿಟ್ಟಳು. ಅದು ಆರಿದ ಮೇಲೆ, ಬ್ರಶ್ಶನ್ನು ಹಳೇ ಬಟ್ಟೆಗೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಎನ್ನುವಾಗ, ಮೇಲಿಂದ ಮೆಲ್ಲಗೆ ಸವರಿದಳು. ನೂಲಿನ ಹುರಿ ಹುರಿಯೂ ಎದ್ದು ಕಂಡಿತು. ಮೂರು ಸುತ್ತು ಹಗ್ಗ ಬಿಗಿದುಕೊಂಡು ಹತ್ತೊಂಬತ್ತು ಜನ ಘಟ್ಟ ಹತ್ತಲು ಹೊರಟ ಹಾಗಿದ್ದರು. ಅವಳೇ ಮತ್ತೆ ಅಂಟಿಸಿದ ಶುಕ್ರವಾರದವನೊಬ್ಬ ಬರಿಮೈಯಲ್ಲಿ ನಿಂತಿದ್ದ. "ಇವನಿಗೂ ಒಂದು ಕಟ್ಟಿ," ಎಂದು ನನ್ನ ಕಡೆ ನೂಕಿದಳು.

ಭಾನುವಾರ ಇಪ್ಪತ್ತು ಜನವೂ ಮೇಜು ಹತ್ತಿದರು. ಇಪ್ಪತ್ತು ಜನವೂ ಸತ್ತರು. ದಾಳ ಸರಿ ಬೀಳಲಿಲ್ಲವಂತೆ. ಆದರೆ ಯಾರದೋ ಮೊಣಕೈ ತಾಗಿ ಎರಡೂ ಕಡೆಯ ಸೈನ್ಯ ನೆಲಕ್ಕುರುಳಿದಾಗ, ಗೆದ್ದವನ ಸೈನಿಕರ ಕೈಗಳನ್ನು ಕುರ್ಚಿಯ ಅಡಿಯಿಂದ ಹೆಕ್ಕಬೇಕಾಯಿತು. ನಮ್ಮವರದ್ದು ಒಂದೂ ಕಳಚಿರಲಿಲ್ಲ. "ಮುಂದಿನ ಆಟಕ್ಕೂ ಕರೆದಿದ್ದಾರೆ. ಹಗ್ಗ ಹೇಗೆ ಮಾಡಿದ್ದು ಅಂತ ಎಲ್ಲರೂ ಕೇಳಿದ್ರು," ಎಂದಳು.

"ಎಂತ ಹೇಳಿದೆ?"

"ಅಜ್ಜಿಯ ತಪ್ಪು ಅಂದೆ."

ಸತ್ಯವೇ.

ಮರುದಿನ ಬೆಳಿಗ್ಗೆ ಡಿಪೋಗೆ ಬೀಡಿ ಕೊಂಡುಹೋದೆ. ಚೆಕ್ಕರ್ ಒಂದು ಕಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದ. ನಾಲ್ಕು ಬೀಡಿಗಳ ಮೇಲೆ ನನ್ನ ಹೆಬ್ಬೆರಳಿನ ಗುರುತು, ಅಚ್ಚ ಹಸಿರು.

"ಇದೆಂತದ್ದು ಅಮ್ಮ?" ಎಂದು ಕೇಳಿದ.

ನಲವತ್ತು ವರ್ಷದ ಹೆಸರು. ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡು, "ಅದು ನಮ್ಮ ಬೆಕ್ಕು," ಎಂದೆ.